ಯಂತ್ರದ ನಾಯಿಗೂ ತಿಥಿ ಮಾಡಿದರು

ಮನೆಯವರ ಮನಸ್ಸು ಅರಿಯುವ ರೋಬೋ ಬಂತು ಅಂತ ಈಗ ಮೊಬೈಲಿನಲ್ಲಿ ವಿಡಿಯೊಗಳು ಓಡಾಡುತ್ತಿವೆ. ಇದೇನೂ ಹೊಸದಲ್ಲ. ಜಪಾನಿನಲ್ಲಿ ಅಂಥದ್ದೊಂದು ಹುಟ್ಟಿ, ಬೆಳೆದು, ತಿಥಿಯನ್ನೂ ಮಾಡಿಸಿಕೊಂಡಿದೆ.

1999ರ ಜೂನ್ 1ರಂದು ಸೋನಿ ಕಂಪನಿ 'ಐಬೊ' ಎಂಬ ಯಂತ್ರದ ನಾಯಿಯನ್ನು ಇಂಟರ್‌ನೆಟ್‌ನಲ್ಲಿ ಮಾರಾಟಕ್ಕಿಟ್ಟಿತು. ಬೆಲೆ 2,50,000 ಯೆನ್. ಜಪಾನಿಗೆಂದು ಇಟ್ಟಿದ್ದ 3,000 ನಾಯಿಗಳು 20 ನಿಮಿಷದಲ್ಲಿ ಖಾಲಿ! ಐಬೊ ಎಂದರೆ ಜಪಾನಿ ಭಾಷೆಯಲ್ಲಿ ಜೊತೆಗಾರ. ತಲೆ ಸವರಿದರೆ ಮೆಚ್ಚಿದರು ಅಂತ, ತಟ್ಟಿದರೆ ಗದರಿದರು ಅಂತ ಅದಕ್ಕೆ ತಿಳಿಯುತ್ತಿತ್ತು. ಖುಷಿಯಾದರೆ ಕಣ್ಣಲ್ಲಿ ಹಸಿರು ದೀಪ, ಸಿಟ್ಟು ಬಂದರೆ ಕೆಂಪು. ಅದಕ್ಕೆ ನಿಜವಾಗಿ ಸಿಟ್ಟು ಬರುತ್ತಿತ್ತೇ? ಇಲ್ಲ, ಎಲ್ಲ ಎಂಜಿನಿಯರುಗಳು ಬರೆದಿಟ್ಟ ಪ್ರೋಗ್ರಾಂ. ಆದರೆ ಸಾಕಿದವರ ಮಮತೆ ಸುಳ್ಳು ಎನ್ನಲು ನಮಗೆ ಬಾಯಿ ಬರುವುದಿಲ್ಲ.

ಸುಮಾರು 1,50,000 ನಾಯಿಗಳು ಮಾರಾಟವಾದವು. 2006ರಲ್ಲಿ ಸೋನಿ ಖರ್ಚು ಕಡಿಮೆ ಮಾಡಲು ಹೊರಟು ತಯಾರಿಕೆ ನಿಲ್ಲಿಸಿತು. 2014ರ ಮಾರ್ಚ್‌ನಲ್ಲಿ ರಿಪೇರಿಯೂ ಬಂದ್. ಒಂಟಿ ಮುದುಕರ ಮನೆಯಲ್ಲಿ ದಿನಾ ಬಾಲ ಆಡಿಸುತ್ತಿದ್ದದ್ದು ಕಾಲು ಸೋತು ಬಿದ್ದರೆ ಯಾರ ಹತ್ತಿರ ಹೋಗುವುದು?

ಆಗ ಕೈ ಹಿಡಿದದ್ದು 'ಎ-ಫನ್' ಎಂಬ ಸಣ್ಣ ರಿಪೇರಿ ಸಂಸ್ಥೆ. ಸೋನಿ ಬಿಟ್ಟು ಬಂದ ಎಂಜಿನಿಯರುಗಳು ಕಟ್ಟಿಕೊಂಡದ್ದು. ಹೊಸ ಪಾರ್ಟ್ ಸಿಗದ ಕಾರಣ ಕೆಟ್ಟುಹೋದ ಒಂದು ನಾಯಿಯ ಭಾಗ ತೆಗೆದು ಇನ್ನೊಂದಕ್ಕೆ ಹಾಕಬೇಕು. ಹಳೇ ಬೈಕಿಗೆ ಗುಜರಿಯಲ್ಲಿ ಪಾರ್ಟ್ ಹುಡುಕಿದ ಹಾಗೆ. ಆದರೆ ಬಿಚ್ಚುವ ಮುಂಚೆ ಚಿಬಾ ಪ್ರಾಂತ್ಯದ ಇಸುಮಿಯಲ್ಲಿರುವ ಕೊಫುಕುಜಿ ಎಂಬ ಹಳೆಯ ಬೌದ್ಧ ದೇಗುಲದಲ್ಲಿ ಸಾಲಾಗಿ ಕೂರಿಸಿ ಮಂತ್ರ ಹೇಳಿಸುತ್ತಿದ್ದರು. ಕೊರಳಿಗೆ ಚೀಟಿ: ಯಾವ ಊರು, ಯಾರ ಮನೆಯದು ಅಂತ. 2015ರಲ್ಲಿ ಶುರುವಾದ ಈ ಕಾರ್ಯಕ್ಕೆ 2018ರ ಏಪ್ರಿಲ್‌ನಲ್ಲಿ ಒಂದೇ ದಿನ 114 ನಾಯಿಗಳು ಬಂದಿದ್ದವು. ಆಯುಧ ಪೂಜೆಗೆ ಟ್ರ್ಯಾಕ್ಟರಿಗೆ ಕುಂಕುಮ ಇಡುವ ನಾವು ಇದಕ್ಕೆ ನಗಬೇಕಿಲ್ಲ.

ಅದೇ 2018ರ ಜನವರಿ 11ರಂದು ಸೋನಿ ಹೊಸ ಐಬೊ ತಂದಿತು. ಇದು ಮನೆಯವರ ಮುಖ ಗುರುತಿಸುತ್ತದೆ, ಯಾರು ಮುದ್ದು ಮಾಡುತ್ತಾರೋ ಅವರ ಹಿಂದೆ ಸುತ್ತುತ್ತದೆ. ಆದರೆ ಅದು ಕಂಡದ್ದು, ಕಲಿತದ್ದು ಹೋಗಿ ಕೂರುವುದು ಕಂಪನಿಯ ಸರ್ವರಿನಲ್ಲಿ. ಕಾಲು ಮುರಿದರೆ ಇನ್ನೊಂದರದ್ದು ಹಾಕಬಹುದು, ಸರ್ವರಿಗೆ ಗುಜರಿ ಅಂಗಡಿ ಇಲ್ಲ. ಬಿಡುಗಡೆಯ ದಿನ ನಾಯಿಯ ಬೆಲೆ 1,98,000 ಯೆನ್. ಆ ಸರ್ವರಿನ ಸೇವೆಗೆ ಮೂರು ವರ್ಷಕ್ಕೆ ಇನ್ನೂ 90,000 ಯೆನ್ ಬೇರೆ.