ಮುಕ್ತಿಯ ಹುಡುಗಿಯರು ಕಂಡ ಬೆಂಕಿ

ಪೌಲನು ಕೊರಿಂಥದ ಸಭೆಗೆ ಬರೆದ ಮೊದಲನೆಯ ಪತ್ರದ ಹನ್ನೆರಡನೆಯ ಅಧ್ಯಾಯದಲ್ಲಿ ಪವಿತ್ರಾತ್ಮನು ಕೊಡುವ ವರಗಳ ಪಟ್ಟಿಯಿದೆ. ವಿವೇಕದ ಮಾತು, ನಂಬಿಕೆ, ರೋಗ ವಾಸಿಮಾಡುವುದು, ಪ್ರವಾದನೆ, ಕಲಿಯದ ಭಾಷೆಯಲ್ಲಿ ಮಾತಾಡುವುದು, ಆ ಮಾತಿನ ಅರ್ಥ ಬಿಡಿಸುವುದು, ಹೀಗೆ ಒಟ್ಟು ಒಂಬತ್ತು. ಇವು ಅಪೊಸ್ತಲರ ಕಾಲಕ್ಕೇ ನಿಂತುಹೋದವೇ, ಇಂದಿನ ಸಭೆಗೂ ಸಿಗುತ್ತವೆಯೇ ಎಂಬುದು ಕ್ರೈಸ್ತರೊಳಗಿನ ದೊಡ್ಡ ಜಗಳ. ನಿಂತುಹೋದವು ಎಂದು 1918ರಲ್ಲಿ ಪುಸ್ತಕವನ್ನೇ ಬರೆದವರು ಪ್ರಿನ್ಸ್‌ಟನ್ನಿನ ದೇವಶಾಸ್ತ್ರಜ್ಞ ಬಿ.ಬಿ. ವಾರ್‌ಫೀಲ್ಡ್. ಪೆಂಟೆಕೋಸ್ತ್ ಸಭೆಗಳದ್ದು ಇದಕ್ಕೆ ನೇರ ಎದುರು ನಿಲುವು.

ಪೆಂಟೆಕೋಸ್ತ್ ಚರಿತ್ರೆಯನ್ನು ಸಾಮಾನ್ಯವಾಗಿ ಅಮೆರಿಕದಿಂದ ಶುರುಮಾಡುತ್ತಾರೆ. 1901ರಲ್ಲಿ ಚಾರ್ಲ್ಸ್ ಪರ್ಹಮ್ ಎಂಬ ಬೋಧಕನ ಟೊಪೀಕಾದ ಬೈಬಲ್ ಶಾಲೆ, 1906ರಲ್ಲಿ ಲಾಸ್ ಏಂಜಲೀಸಿನ ಅಜುಸಾ ಬೀದಿ. ಅಲ್ಲಿನ ಮುಂದಾಳು ವಿಲಿಯಂ ಸೆಮೋರ್, ಗುಲಾಮರಾಗಿದ್ದ ತಂದೆತಾಯಿಯ ಮಗ. ಕಪ್ಪು ಜನಾಂಗದವನೆಂಬ ಕಾರಣಕ್ಕೆ ಪರ್ಹಮ್‌ನ ಹ್ಯೂಸ್ಟನ್ ಶಾಲೆಯಲ್ಲಿ ಬಾಗಿಲಾಚೆ ಕೂತು ಪಾಠ ಕೇಳಿದವನು. ಅದು ಹೇಳಲೇಬೇಕಾದ ಕಥೆ, ನಿಜ. ಆದರೆ ನನ್ನ ಆಸಕ್ತಿ ಅದಕ್ಕೂ ಒಂದು ವರ್ಷ ಮೊದಲು ಪುಣೆಯ ಹತ್ತಿರದ ಕೆಡಗಾಂವದಲ್ಲಿ ನಡೆದದ್ದರ ಮೇಲೆ.

ಕೆಡಗಾಂವದ ‘ಮುಕ್ತಿ’ ಪಂಡಿತಾ ರಮಾಬಾಯಿಯವರು ಕಟ್ಟಿದ ಆಶ್ರಯಧಾಮ. ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದವರು, ಹೆಂಡತಿಗೆ ಸಂಸ್ಕೃತ ಕಲಿಸಿ ಊರವರ ಸಿಟ್ಟಿಗೆ ಗುರಿಯಾದವರು. ಮಗಳಿಗೆ ಪಂಡಿತಾ ಎಂಬ ಬಿರುದು ಬಂದದ್ದು ಕಲ್ಕತ್ತೆಯ ವಿದ್ವಾಂಸರಿಂದ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದ ಮೇಲೂ ಅವರು ತಲೆಬಾಗಿಸಿ ಕೂರಲಿಲ್ಲ. ತ್ರಿಯೇಕತ್ವದಂಥ ವಿಷಯಗಳಲ್ಲಿ ಆಂಗ್ಲಿಕನ್ ಸನ್ಯಾಸಿನಿಯರ ಜೊತೆ ಪತ್ರದ ಮೇಲೆ ಪತ್ರ ಬರೆದು ವಾದಿಸಿದರು. ಮುಂದಿನ ಘಟನೆಯನ್ನು ಓದುವಾಗ ಈ ಹಠಮಾರಿ ಬುದ್ಧಿಯನ್ನು ನೆನಪಿಟ್ಟುಕೊಳ್ಳಬೇಕು.

1896ರಿಂದ ಬಂದ ಬರಗಾಲಗಳಲ್ಲಿ ಅವರು ವಿಧವೆಯರನ್ನೂ ಅನಾಥ ಹುಡುಗಿಯರನ್ನೂ ಊರೂರಿಂದ ಕರೆತಂದರು. 1900ರ ಹೊತ್ತಿಗೆ ಮುಕ್ತಿಯಲ್ಲಿ ಸುಮಾರು 2000 ಜನ. ವೇಲ್ಸ್ ದೇಶದಲ್ಲಿ ಆತ್ಮಿಕ ಉಜ್ಜೀವನ ಎದ್ದ ಸುದ್ದಿ ಬಂದಾಗ, 1905ರ ಆರಂಭದಲ್ಲಿ, ಇಲ್ಲಿಯೂ ಪ್ರಾರ್ಥನೆಯ ಗುಂಪುಗಳು ಶುರುವಾದವು. ಅದೇ ವರ್ಷ ಜೂನ್ 29ರ ಬೆಳಗಿನ ಜಾವ ಒಬ್ಬ ಹುಡುಗಿ ಮೈಮೇಲೆ ಬೆಂಕಿ ಇಳಿದಂತಾಗಿ ಎಚ್ಚೆತ್ತಳು. ಪಕ್ಕದಲ್ಲಿದ್ದವಳಿಗೂ ಆ ಬೆಂಕಿ ಕಂಡಿತಂತೆ. ಓಡಿಹೋಗಿ ಬಕೆಟ್ಟಿನಲ್ಲಿ ನೀರು ತಂದಳು, ಇನ್ನೇನು ಸುರಿಯಬೇಕು, ಅಷ್ಟರಲ್ಲಿ ಗೆಳತಿ ಸುಡುತ್ತಿಲ್ಲವೆಂದು ಗೊತ್ತಾಯಿತು. ಇದನ್ನು ಬರೆದಿಟ್ಟವರು ಅಲ್ಲಿ ದುಡಿಯುತ್ತಿದ್ದ ಅಮೆರಿಕನ್ ಮಿಷನರಿ ಮಿನ್ನಿ ಏಬ್ರಮ್ಸ್. ಇಂಥ ವರದಿಗಳನ್ನು ನಾನು ಎಚ್ಚರದಿಂದಲೇ ಓದುತ್ತೇನೆ. ಆದರೂ ಆ ನೀರಿನ ಬಕೆಟ್ಟು ಭಕ್ತಿಸಾಹಿತ್ಯಕ್ಕಾಗಿ ಹೊಸೆದದ್ದು ಅನ್ನಿಸುವುದಿಲ್ಲ.

ಮುಂದೆ ಅಳು, ಪಾಪನಿವೇದನೆ, ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಪ್ರಾರ್ಥಿಸುವುದು, ಕೊನೆಗೆ ಅನ್ಯಭಾಷೆಗಳಲ್ಲಿ ಮಾತು. ಗದ್ದಲವೆಂದು ಹಲವರು ಮೂಗು ಮುರಿದರು. ಭಾರತದ ಕ್ರೈಸ್ತರ ಭಕ್ತಿ ಪಾಶ್ಚಾತ್ಯರ ಅಚ್ಚಿನಲ್ಲೇ ಎರಕವಾಗಬೇಕಿಲ್ಲ ಎಂಬುದು ರಮಾಬಾಯಿಯವರ ಉತ್ತರ. ಗದ್ದಲಕ್ಕೆ ಹೆದರದ ಅವರೇ ಇನ್ನೊಂದು ಕಡೆ ಗೆರೆ ಎಳೆದರು. ಆತ್ಮನ ದೀಕ್ಷೆಯಾಯಿತು ಎಂಬುದಕ್ಕೆ ಅನ್ಯಭಾಷೆಯೇ ಸಾಕ್ಷಿ, ಅದಿಲ್ಲದವನಿಗೆ ದೀಕ್ಷೆಯಿಲ್ಲ ಎಂಬುದು ಪರ್ಹಮ್‌ನ ಬೋಧನೆ. ಅನ್ಯಭಾಷೆ ಒಂದು ಗುರುತು ಹೌದು, ಆದರೆ ಎಲ್ಲರಿಗೂ ಕಡ್ಡಾಯವಲ್ಲ; ಇರಲೇಬೇಕಾದ ಗುರುತು ಪ್ರೀತಿ ಎಂದು 1907ರಲ್ಲಿ ರಮಾಬಾಯಿ ಬರೆದರು. ಹಾಗೆ ನೋಡಿದರೆ ಪೌಲನ ಪಟ್ಟಿಯ ಬೆನ್ನಿಗೇ ಬರುವ ಹದಿಮೂರನೆಯ ಅಧ್ಯಾಯ ಹೇಳುವುದೂ ಅದನ್ನೇ. ಬರದಲ್ಲಿ ಎಲ್ಲ ಕಳೆದುಕೊಂಡು ಬಂದ ಹುಡುಗಿಯರನ್ನು ವರ ಬಂದವರು, ಬಾರದವರು ಎಂದು ಎರಡು ಪಂಕ್ತಿಯಲ್ಲಿ ಕೂರಿಸಿದ್ದರೆ ಏನಾಗುತ್ತಿತ್ತು? ಪಂಕ್ತಿಭೇದದ ರುಚಿ ರಮಾಬಾಯಿಗೆ ಚೆನ್ನಾಗಿ ಗೊತ್ತಿತ್ತು.

ಅದೇ 1907ರಲ್ಲಿ ಅಜುಸಾ ಬೀದಿಯಿಂದ ಆಲ್‌ಫ್ರೆಡ್ ಗಾರ್ ದಂಪತಿ ಕಲ್ಕತ್ತೆಗೆ ಬಂದಿಳಿದರು. ತನಗೆ ಬಂಗಾಳಿ ಭಾಷೆಯ ವರವೇ ಸಿಕ್ಕಿದೆ, ಕಲಿಯದೆಯೇ ಸಾರಬಹುದು ಎಂದು ಗಾರ್ ನಂಬಿದ್ದರು. ಅವರ ಬಾಯಿಂದ ಬಂದದ್ದು ಬಂಗಾಳಿಯಾಗಿರಲಿಲ್ಲ. ಅವರು ತಮ್ಮ ಅನುಭವವನ್ನು ಬಿಡಲಿಲ್ಲ, ಅದರ ಅರ್ಥವನ್ನು ಮಾತ್ರ ಬದಲಾಯಿಸಿಕೊಂಡರು. ಏಬ್ರಮ್ಸ್ ಅವರ ಪುಸ್ತಕ ಅದೇ ಹೊತ್ತಿಗೆ ಚಿಲಿ ದೇಶದಲ್ಲಿದ್ದ ಅವರ ಹಳೆಯ ಸಹಪಾಠಿ ಮೇ ಹೂವರ್ ಕೈಸೇರಿತು. ಅಲ್ಲಿನ ಮೆಥಡಿಸ್ಟ್ ಸಭೆಯಲ್ಲಿ 1909ರಲ್ಲಿ ಉಜ್ಜೀವನ ಎದ್ದಿತು. ಚಿಲಿಯ ಪೆಂಟೆಕೋಸ್ತಿನ ಬೇರು ಹಿಡಿದು ಹೊರಟರೆ ಕೆಡಗಾಂವವೂ ಸಿಗುತ್ತದೆ.

ಇಷ್ಟೆಲ್ಲ ನಡೆಯುತ್ತಿದ್ದಾಗ ಮುಕ್ತಿಯ ಯಜಮಾನಿ ಹೀಬ್ರೂ ಮತ್ತು ಗ್ರೀಕ್ ವ್ಯಾಕರಣಗಳ ಮುಂದೆ ಕೂತಿದ್ದರು. ಆ ಎರಡು ಭಾಷೆಗಳನ್ನು ಅವರು ಕಲಿತದ್ದು ದುಡಿದೇ. ಓದು ಬಾರದ ಹೆಂಗಸು ಕೇಳಿದರೂ ತಿಳಿಯುವಂಥ ಮರಾಠಿಯಲ್ಲಿ ಬೈಬಲನ್ನು ಮೂಲದಿಂದ ತರಲು ವರ್ಷಗಟ್ಟಲೆ ಹಿಡಿಯಿತು. 1922ರ ಏಪ್ರಿಲ್‌ನಲ್ಲಿ ಅವರು ತೀರಿಕೊಳ್ಳುವ ಸ್ವಲ್ಪ ಮೊದಲಷ್ಟೇ ಅದು ಮುಗಿದಿತ್ತು. ಅದರ ಅಚ್ಚುಮೊಳೆ ಜೋಡಿಸಿ ಮುದ್ರಿಸಿದವರು ಮುಕ್ತಿಯ ಹೆಂಗಸರೇ.