ನೆರಳಿನ ಪಾಲು: ನಗರ ಹಸಿರಿನ ಯೋಜನೆ ನಡೆದುಬಂದ ದಾರಿ

ಉಡುಪಿ ಜಿಲ್ಲೆಯ ಕರಾವಳಿಯ ಕಿರಿಮಂಜೇಶ್ವರದಲ್ಲಿ ಯಾರನ್ನಾದರೂ ನಿಲ್ಲಿಸಿ ಇಲ್ಲಿ ಪಾರ್ಕ್ ಎಲ್ಲಿದೆ ಎಂದು ಕೇಳಿದರೆ, ‘ಪಾರ್ಕ್ ಎಂತಕೆ ಮಾರಾಯ್ರೆ?’ ಎಂಬ ಮರುಪ್ರಶ್ನೆಯೇ ಬಂದೀತು. ಪಡುವಣಕ್ಕೆ ಕಡಲು, ಮೂಡಣಕ್ಕೆ ಗದ್ದೆಬಯಲು, ಅದರಾಚೆ ಹಾಡಿ ಎಂಬ ಕುರುಚಲು ಕಾಡು, ನಡುವೆ ಅಲ್ಲಲ್ಲಿ ನಾಗಬನ. ಇಷ್ಟಿರುವಾಗ ಬೇಲಿ ಹಾಕಿ ಹುಲ್ಲು ಬೆಳೆಸುವುದು ಹೊಟ್ಟೆ ತುಂಬಿದವರ ಕೆಲಸದಂತೆ ಕಾಣುವುದು ಸಹಜ. ಆದರೆ ರಾಷ್ಟ್ರೀಯ ಹೆದ್ದಾರಿ 66 ಚತುಷ್ಪಥವಾಗಿ, ಬೈಂದೂರು ತಾಲೂಕು ಕೇಂದ್ರವಾಗಿ, ಕುಂದಾಪುರದಿಂದ ಉತ್ತರಕ್ಕೆ ರಸ್ತೆಯುದ್ದಕ್ಕೂ ಅಂಗಡಿ, ಕಾಂಪ್ಲೆಕ್ಸು, ಬಡಾವಣೆಗಳು ಏಳುತ್ತಿರುವಾಗ ಆ ಮರುಪ್ರಶ್ನೆ ಹೆಚ್ಚು ಕಾಲ ಬಾಳುವುದಿಲ್ಲ. ಬೆಂಗಳೂರಿನ ಸುತ್ತಲಿನ ಹಳ್ಳಿಗಳಲ್ಲೂ ಕೆರೆ, ಗುಂಡುತೋಪು, ಗೋಮಾಳ ಇದ್ದ ಕಾಲದಲ್ಲಿ ಪಾರ್ಕ್ ಬೇಕೆಂದು ಯಾರೂ ಕೇಳಿದ್ದಿಲ್ಲ.

ನಗರದ ಹಸಿರನ್ನು ಯೋಜಿಸುವ ವಿದ್ಯೆ ಹುಟ್ಟಿದಾಗ ಅದರ ಮುಂದಿದ್ದ ಪ್ರಶ್ನೆ ಆರೋಗ್ಯ ಮತ್ತು ಅಂದ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕನ್ನು ಎಲ್ಲರ ಉದ್ಯಾನವೆಂದು ಕೊಂಡಾಡುವವರು, ಅದಕ್ಕೆ ಜಾಗ ಮಾಡಲು 1857ರಲ್ಲಿ ಸೆನೆಕಾ ವಿಲೇಜ್ ಎಂಬ, ಬಹುಪಾಲು ಕಪ್ಪುಜನರೇ ಇದ್ದ ನೆಲೆಯನ್ನು ಎಬ್ಬಿಸಿದ್ದನ್ನು ಬಹುಕಾಲ ಮರೆತೇಬಿಟ್ಟಿದ್ದರು. ನಮ್ಮಲ್ಲಿ 1760ರಲ್ಲಿ ಹೈದರಾಲಿ ಆರಂಭಿಸಿದ ಲಾಲ್‌ಬಾಗ್ ಅರಸನ ತೋಟ. 1870ರಲ್ಲಿ ಎಂಜಿನಿಯರ್ ರಿಚರ್ಡ್ ಸ್ಯಾಂಕಿಯ ಕಾಲದಲ್ಲಿ ರೂಪುಗೊಂಡ ಕಬ್ಬನ್ ಪಾರ್ಕ್ ದಂಡು ಪ್ರದೇಶಕ್ಕೂ ಪೇಟೆಗೂ ನಡುವಿನ ಹಸಿರು ಗಡಿ. ದಂಡಿನ ಕಡೆ ಅಗಲ ರಸ್ತೆ, ಬಂಗಲೆ, ಮರ. ಪೇಟೆಯ ಕಡೆ ಇಕ್ಕಟ್ಟಿನ ಗಲ್ಲಿ. 1949ರಲ್ಲಿ ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆದರೂ ಚಿಕ್ಕಪೇಟೆಯಲ್ಲಿ ಮಧ್ಯಾಹ್ನ ನಡೆದವರಿಗೆ ಆ ಗಡಿ ಇನ್ನೂ ಅಳಿದಿಲ್ಲವೆಂಬುದು ನೆತ್ತಿಗೇ ತಿಳಿಯುತ್ತದೆ.

1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನ್ ತೋಟಗಾರ ಕ್ರುಂಬಿಗಲ್, ಒಂದರ ಹೂ ಉದುರುವ ಹೊತ್ತಿಗೆ ಇನ್ನೊಂದು ಅರಳುವಂತೆ ಬೀದಿಮರಗಳನ್ನು ಆರಿಸಿದ ಕಥೆಯನ್ನು ನಾವು ಪ್ರೀತಿಯಿಂದ ಹೇಳುತ್ತೇವೆ. ಆ ಸೌಂದರ್ಯಪ್ರಜ್ಞೆಗೆ ನನ್ನ ತಕರಾರಿಲ್ಲ. ಆದರೆ ಯಾವ ಬೀದಿಗೆ ಆ ಮರ ಬಂತು, ಯಾವ ಬೀದಿಗೆ ಬರಲಿಲ್ಲ ಎಂಬುದನ್ನು ಆ ಕಥೆ ಕೇಳುವುದಿಲ್ಲ. 1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಗಾಳಿ ಬೆಳಕಿಗೆ, ಉದ್ಯಾನಕ್ಕೆ ಜಾಗ ಬಿಟ್ಟ ಯೋಜನೆಯೇ ಜಾತಿವಾರು ವಿಭಾಗಗಳನ್ನೂ ಗುರುತಿಸಿತ್ತು.

ಎರಡನೆಯ ಘಟ್ಟ ಕಾನೂನಿನದು. 1975ರಲ್ಲಿ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ, 1976ರಲ್ಲಿ ವೃಕ್ಷ ಸಂರಕ್ಷಣಾ ಕಾಯ್ದೆ, 1985ರಲ್ಲಿ ಉದ್ಯಾನ, ಆಟದ ಮೈದಾನ ಮತ್ತು ಬಯಲುಜಾಗಗಳ ಕಾಯ್ದೆ ಬಂದವು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ ಪ್ರತಿ ಬಡಾವಣೆಯಲ್ಲೂ ಕನಿಷ್ಠ ಶೇ 15ರಷ್ಟು ಜಾಗವನ್ನು ಪಾರ್ಕು, ಮೈದಾನಕ್ಕೆ ಮೀಸಲಿಡಬೇಕೆಂದಿತು. ಕಾಗದದಲ್ಲಿದ್ದ ಈ ಹಸಿರಿಗೆ ಜೀವ ಬಂದದ್ದು ಒಂದು ಮೊಕದ್ದಮೆಯಿಂದ. ಸದಾಶಿವನಗರದಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ಜಾಗವನ್ನು 1976ರಲ್ಲಿ ಮುಖ್ಯಮಂತ್ರಿಯ ನಿರ್ದೇಶನದ ಮೇಲೆ ಖಾಸಗಿ ಟ್ರಸ್ಟೊಂದಕ್ಕೆ ನರ್ಸಿಂಗ್ ಹೋಂ ಕಟ್ಟಲು ಕೊಡಲಾಯಿತು. ನಿವಾಸಿಗಳು ಕೋರ್ಟಿಗೆ ಹೋದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ ಎಂದು ಹೆಸರಾದ ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ತೀರ್ಪಿತ್ತು, ಯೋಜನೆಯಲ್ಲಿ ಜನರಿಗೆಂದು ಬಿಟ್ಟ ಬಯಲನ್ನು ಅಧಿಕಾರಸ್ಥರು ಮನಸ್ಸು ಬಂದಂತೆ ಬೇರೆಯವರಿಗೆ ಕೊಡುವಂತಿಲ್ಲ, ಅದನ್ನು ಪ್ರಶ್ನಿಸುವ ಹಕ್ಕು ನಿವಾಸಿಗಳಿಗಿದೆ ಎಂದಿತು. ಆಸ್ಪತ್ರೆಯೂ ಸಾರ್ವಜನಿಕ ಉಪಯೋಗವೇ ಅಲ್ಲವೇ ಎಂಬ ವಾದ ನಿಲ್ಲಲಿಲ್ಲ. ದೇಶದ ಎಷ್ಟೋ ಮೈದಾನಗಳನ್ನು ಉಳಿಸಿದ ತೀರ್ಪು ಇದು. ಆದರೂ ಒಂದು ಮಾತು: ಇದು ಬಡಾವಣೆ ನಕ್ಷೆ ಇದ್ದವರ ಗೆಲುವು. ನಕ್ಷೆಯೇ ಇಲ್ಲದ ಕೊಳೆಗೇರಿಯವರು ಯಾವ ಮೀಸಲು ಜಾಗ ತೋರಿಸಿ ಕೋರ್ಟಿನ ಮೆಟ್ಟಿಲು ಹತ್ತಬೇಕಿತ್ತು?

ಆಮೇಲೆ ಬಂದದ್ದು ಎಣಿಕೆಯ ಕಾಲ. ತಲೆಗೆ 9 ಚದರ ಮೀಟರ್ ಹಸಿರು ಬೇಕೆಂಬ ಅಂಕಿ ವಿಶ್ವ ಆರೋಗ್ಯ ಸಂಸ್ಥೆಯ ಹೆಸರಿನಲ್ಲಿ ಊರೂರು ಸುತ್ತಿತು. ನಮ್ಮ ಕೇಂದ್ರ ನಗರಾಭಿವೃದ್ಧಿ ಸಚಿವಾಲಯದ 2014ರ ಮಾರ್ಗಸೂಚಿ 10ರಿಂದ 12 ಚದರ ಮೀಟರ್ ಎಂದಿತು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಉಪಗ್ರಹ ಚಿತ್ರಗಳನ್ನಿಟ್ಟುಕೊಂಡು ಬೆಂಗಳೂರಿನ ಮರಗಳನ್ನು ಸುಮಾರು 14.78 ಲಕ್ಷವೆಂದು ಅಂದಾಜಿಸಿದಾಗ, ಏಳು ಜನಕ್ಕೊಂದು ಮರ ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂತು. ಎಚ್ಚರಿಸಲು ಈ ಲೆಕ್ಕ ಬೇಕು. ಆದರೆ ಸರಾಸರಿಯಲ್ಲಿ ಲಾಲ್‌ಬಾಗಿನ 240 ಎಕರೆ ಶ್ರೀರಾಮಪುರದ ಕೂಲಿಯವನ ತಲೆಗೂ ಹಂಚಿಹೋಗುತ್ತದೆ, ನೆರಳು ಮಾತ್ರ ಹಂಚಿಹೋಗುವುದಿಲ್ಲ.

ಹಾಗಾಗಿ ಈ ಶತಮಾನದಲ್ಲಿ ಪ್ರಶ್ನೆ ಬದಲಾಯಿತು. ಎಷ್ಟು ಹಸಿರು ಎಂಬುದರ ಜೊತೆಗೆ ಯಾರ ಮನೆಯಿಂದ ಎಷ್ಟು ದೂರ, ಯಾರಿಗೆ ಬಾಗಿಲು ತೆರೆದಿದೆ, ಯಾರನ್ನು ಎಬ್ಬಿಸಿ ಬೆಳೆಸಿದ್ದು ಎಂದು ಕೇಳತೊಡಗಿದರು. ಅಮೆರಿಕದ 108 ನಗರಪ್ರದೇಶಗಳ 2020ರ ಅಧ್ಯಯನವೊಂದು, ಎಂಬತ್ತು ತೊಂಬತ್ತು ವರ್ಷಗಳ ಹಿಂದೆ ಸಾಲಕ್ಕೆ ಅನರ್ಹವೆಂದು ಕೆಂಪು ಗೆರೆ ಎಳೆಸಿಕೊಂಡ ಬಡ ಬಡಾವಣೆಗಳು ಇಂದಿಗೂ ಉಳಿದವಕ್ಕಿಂತ ಸರಾಸರಿ 2.6 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿ ಎಂದು ತೋರಿಸಿತು. ಇನ್ನೊಂದು ಕಡೆ, ಪಾರ್ಕ್ ಬಂದರೆ ಬಾಡಿಗೆ ಏರಿ ಬಡವರೇ ಜಾಗ ಖಾಲಿ ಮಾಡಬೇಕಾದ ಉದಾಹರಣೆಗಳು ನ್ಯೂಯಾರ್ಕ್, ಬಾರ್ಸಿಲೋನಾಗಳಿಂದ ಬಂದವು. 2014ರಲ್ಲಿ ಜೆನಿಫರ್ ವೋಲ್ಚ್ ಮತ್ತು ಸಂಗಡಿಗರು, ಮಿಂಚುವ ದೊಡ್ಡ ಉದ್ಯಾನಕ್ಕಿಂತ ಅಲ್ಲಿನವರಿಗೆ ಸಾಕಾಗುವಷ್ಟು ಚಿಕ್ಕ ಚಿಕ್ಕ ಹಸಿರೇ ಮೇಲೆಂದು ವಾದಿಸಿದ್ದು ಈ ಕಾರಣಕ್ಕೆ. 2021ರಲ್ಲಿ ನಗರ ಅರಣ್ಯ ತಜ್ಞ ಸೆಸಿಲ್ ಕೊನೈನೆಂಡೈಕ್ ಸರಳ ಅಳತೆಗೋಲೊಂದನ್ನು ಮುಂದಿಟ್ಟರು: ಪ್ರತಿ ಮನೆಯಿಂದ 3 ಮರ ಕಾಣಬೇಕು, ಬಡಾವಣೆಯ ಶೇ 30 ಭಾಗಕ್ಕೆ ಮರದ ನೆರಳಿರಬೇಕು, 300 ಮೀಟರಿನೊಳಗೆ ಉದ್ಯಾನವಿರಬೇಕು.

ಕನ್ನಡದ ನೆಲದಲ್ಲಿ ಈ ಪ್ರಶ್ನೆಗೆ ಬೇರೆಯೇ ಬಣ್ಣ ಬಂತು. ಪರಿಸರ ಸಂಶೋಧಕರಾದ ಹರಿಣಿ ನಾಗೇಂದ್ರ, ದಿವ್ಯಾ ಗೋಪಾಲ್ ಬೆಂಗಳೂರಿನ ಕೊಳೆಗೇರಿಗಳ ಮರಗಳನ್ನು ಎಣಿಸಹೋದಾಗ ಕಂಡದ್ದು ನುಗ್ಗೆ, ತೆಂಗು, ಹೊಂಗೆಯಂಥ ಉಪಯೋಗದ ಮರಗಳು. ಆ ಮರದಡಿಯೇ ಬಟ್ಟೆ ಒಗೆಯುವುದು, ವ್ಯಾಪಾರ, ಮಕ್ಕಳ ಆಟ, ಪೂಜೆ. ಪಾರ್ಕ್ ಎಂಬ ಕಲ್ಪನೆಗೆ ಇವು ಯಾವುವೂ ಒಗ್ಗುವುದಿಲ್ಲ. ನಮ್ಮ ಪಾರ್ಕಿನ ಫಲಕಗಳನ್ನು ಓದಿದರೆ ಸಾಕು: ಹುಲ್ಲಿನ ಮೇಲೆ ಕೂರಬೇಡಿ, ಆಟವಾಡಬೇಡಿ, ತಿಂಡಿ ತರಬೇಡಿ. ಬಹುಕಾಲ ಬೆಂಗಳೂರಿನ ಎಷ್ಟೋ ಪಾರ್ಕುಗಳು ಬಿಸಿಲೇರುವ ಹೊತ್ತಿಗೆ ಸರಿಯಾಗಿ ಬೀಗ ಹಾಕಿಕೊಳ್ಳುತ್ತಿದ್ದವು. ಬೆಳಿಗ್ಗೆ ವಾಕಿಂಗ್ ಹೋಗುವವರಿಗೆ ಅದರಿಂದ ತೊಂದರೆಯಿರಲಿಲ್ಲ. ಪೌರಕಾರ್ಮಿಕರು, ಮನೆಗೆಲಸದವರು, ಡೆಲಿವರಿ ಹುಡುಗರು ಅರೆಗಳಿಗೆ ಕೂರಲು ಬಯಸುವುದು ಅದೇ ಹೊತ್ತಿನಲ್ಲಿ. 2024ರಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡುವ ಆದೇಶ ಬಂತು. ಒಂದು ಸಸಿ ನೆಡದೆ, ಒಂದು ಎಕರೆ ಕೊಳ್ಳದೆ ನಗರದ ಹಸಿರನ್ನು ಹೆಚ್ಚಿಸಿದ ಕ್ರಮ ಎಂದರೆ ನನ್ನ ಮಟ್ಟಿಗೆ ಇದೇ.

ಕೆರೆಗಳದ್ದು ಇದಕ್ಕಿಂತ ಕಹಿ ಅಧ್ಯಾಯ. ಎನ್. ಲಕ್ಷ್ಮಣರಾವ್ ಸಮಿತಿ 1986ರಲ್ಲೇ ಕೆರೆಗಳನ್ನು ಉಳಿಸುವ ವರದಿ ಕೊಟ್ಟಿತ್ತು. 2000ದ ದಶಕದ ಮಧ್ಯದಲ್ಲಿ ಹೆಬ್ಬಾಳ, ನಾಗವಾರದಂಥ ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆಗೆ ಕೊಟ್ಟಾಗ ಮೀನು ಹಿಡಿಯುವವರು, ಹುಲ್ಲು ಕೊಯ್ಯುವವರು, ದನ ಮೇಯಿಸುವವರು ಟಿಕೆಟ್ಟಿನ ಆಚೆ ಉಳಿದರು. 2008ರಲ್ಲಿ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಸಂಸ್ಥೆ ಇದರ ವಿರುದ್ಧ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೂಡಿತು, ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿಯ ವರದಿ ಬಂತು. ಖಾಸಗಿ ಗುತ್ತಿಗೆ ಇಲ್ಲದ ಕಡೆಯೂ ಕೆರೆ ಅಭಿವೃದ್ಧಿಯೆಂದರೆ ಬೇಲಿ, ನಡಿಗೆ ಹಾದಿ, ಬೆಂಚು ಎಂಬಷ್ಟಕ್ಕೇ ನಿಂತದ್ದೂ ಉಂಟು.

ಹಸಿರಿನ ಬಾಳಿಕೆಯ ಪ್ರಶ್ನೆಯೂ ಇದರೊಂದಿಗೆ ತಳುಕು ಹಾಕಿಕೊಂಡಿದೆ. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ ಹಾಯಿಸಿದರೆ 5,000 ರೂಪಾಯಿ ದಂಡ ಎಂದಾಗ, ಹುಲ್ಲುಹಾಸು ಎಷ್ಟು ಬಾಯಾರಿದ ಹಸಿರು ಎಂಬುದು ಬಯಲಾಯಿತು. 2021ರಲ್ಲಿ ಬೆಂಗಳೂರಿನಂಚಿನ ತುರಹಳ್ಳಿ ಕಾಡಿನೊಳಗೆ ಅರಣ್ಯ ಇಲಾಖೆ ಟ್ರೀ ಪಾರ್ಕ್ ಮಾಡಹೊರಟಾಗ ಜನ ಬೀದಿಗಿಳಿದು ಬೇಡವೆಂದರು. ಕಾಡು ಕಾಡಾಗಿಯೇ ಇರಲಿ ಎಂದು ನಗರದವರೇ ಕೇಳುವಷ್ಟು ದೂರ ಈ ಚರ್ಚೆ ಬಂದಿದೆ.

ಈಗ ಕರಾವಳಿಗೆ ಬರೋಣ. ಕಿರಿಮಂಜೇಶ್ವರ, ನಾವುಂದ, ಮರವಂತೆಯ ಹಸಿರು ಎಲ್ಲರದೂ ಎಂದು ಹೇಳುವುದು ಅರ್ಧ ಸುಳ್ಳು. ನಾಗಬನ ಕುಟುಂಬದ್ದು, ಒಳಗೆ ಯಾರು ಹೋಗಬಹುದೆಂಬುದಕ್ಕೆ ಹಳೆಯ ಕಟ್ಟುಪಾಡಿದೆ. ಕುಮ್ಕಿ, ಅಂದರೆ ಹಿಡುವಳಿಗೆ ತಾಗಿದ ಸರ್ಕಾರಿ ಜಾಗದ ಸೊಪ್ಪು ಸೌದೆಯ ಸವಲತ್ತು ವರ್ಗ ಜಾಗ ಇದ್ದವರಿಗೆ, ಅಂದರೆ ಮೊದಲೇ ಭೂಮಿ ಇದ್ದವರಿಗೆ. ಐದು ಸೆಂಟ್ಸಿನ ಕಾಲೊನಿಯವರಿಗೆ, ದೋಣಿ ಕೆಲಸಕ್ಕೆ ಹೊರಗಿನಿಂದ ಬಂದವರಿಗೆ ಕಣ್ಣಿಗೆ ಕಾಣುವ ಹಸಿರು ಬೇಕಾದಷ್ಟು, ಕೂರಬಹುದಾದ ನೆರಳು ಕಡಿಮೆ. ನಿಜವಾಗಿ ಎಲ್ಲರಿಗೂ ತೆರೆದಿರುವುದು ಕಡಲತೀರ. ಅದನ್ನೇ ಪಾರ್ಕುಗಳ ಪಟ್ಟಿಯಲ್ಲಿ ಯಾರೂ ಬರೆಯುವುದಿಲ್ಲ. ಕಡಲ್ಕೊರೆತಕ್ಕೆ ಕಲ್ಲು ಸುರಿದಲ್ಲಿ ಮರಳು ದಂಡೆ ಹೋಗುತ್ತದೆ. ಆ ದಂಡೆಯಲ್ಲಿ ಸಂಜೆ ವಾಲಿಬಾಲ್ ಆಡುತ್ತಿದ್ದವರಿಗೆ ಬದಲಿ ಮೈದಾನ ಕೊಡುವ ಮಾತು ಯಾವ ಯೋಜನೆಯಲ್ಲೂ ಬರುವುದಿಲ್ಲ.

ನಾಗಬನಗಳದ್ದು ಇನ್ನೊಂದು ಬಗೆಯ ನಷ್ಟ. ರೆಂಜೆ, ಸುರಗಿ, ಹೊನ್ನೆ, ಬಳ್ಳಿಗಳು ಹೆಣೆದುಕೊಂಡಿದ್ದ ಬನ ಕಡಿದು ಕಾಂಕ್ರೀಟ್ ಕಟ್ಟೆ, ಟೈಲ್ಸ್, ಗ್ರಿಲ್ ಹಾಕಿ ಜೀರ್ಣೋದ್ಧಾರ ಎನ್ನುವುದು ಉಡುಪಿ ಜಿಲ್ಲೆಯಲ್ಲಿ ಮಾಮೂಲಾಗಿದೆ. ಕಲ್ಲು ಉಳಿಯಿತು, ಬನ ಹೋಯಿತು. ಇದನ್ನು ಬಿಲ್ಡರುಗಳ ಮೇಲೆ ಹೊರಿಸಲಾಗದು. ಮುಂಬೈ, ಬೆಂಗಳೂರು, ದುಬೈನಲ್ಲಿ ದುಡಿದ ಹಣದ ಭಕ್ತಿಯೇ ಮಾಡಿದ್ದು.

ಕೇಂದ್ರದ ಅಮೃತ್ ಯೋಜನೆ 2015ರಲ್ಲಿ ಉದ್ಯಾನಗಳಿಗೆ ಹಣವಿಟ್ಟದ್ದು ಮುಖ್ಯವಾಗಿ ಲಕ್ಷ ಜನಸಂಖ್ಯೆ ದಾಟಿದ ನಗರಗಳಿಗೆ. ಕುಂದಾಪುರ, ಬ್ರಹ್ಮಾವರ, ಬೈಂದೂರು ಆ ಲೆಕ್ಕಕ್ಕೆ ಸಿಗಲಿಲ್ಲ. ಬೈಂದೂರು ಪಟ್ಟಣ ಪಂಚಾಯತ್ ಆದ ಮೇಲೆ ಹಳ್ಳಿಭಾಗಗಳನ್ನು ಅದರಿಂದ ಕೈಬಿಡಿ ಎಂದು ರೈತರು ಧರಣಿ ಕೂತರು. ಪಟ್ಟಣವೆಂಬ ಹೆಸರು ಬಂದರೆ ಗದ್ದೆ, ಹಾಡಿಯ ಮೇಲಿನ ಹಿಡಿತ ತಪ್ಪೀತು ಎಂಬ ಭಯ ಅದರ ಹಿಂದಿದೆ. ಇದನ್ನು ಅಭಿವೃದ್ಧಿ ವಿರೋಧವೆಂದು ತಳ್ಳಿಹಾಕುವುದು ಸುಲಭ, ಸರಿಯಲ್ಲ.

ದಾರಿಯೇ ಇಲ್ಲವೆಂದಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಸಮಿತಿಯಿರಬೇಕು, ಊರಿನ ಮರ, ಬನ, ಕೆರೆಗಳ ದಾಖಲಾತಿ ಇರಬೇಕು. ಅದೇ ಕಾಯ್ದೆಯಡಿ 2007ರಲ್ಲಿ ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ವಿಮಾನ ನಿಲ್ದಾಣದಿಂದಾಗಿ ಸುತ್ತಲಿನ ಭೂಮಿಯ ಬೆಲೆ ಮುಗಿಲು ಮುಟ್ಟುತ್ತಿದ್ದ ಹೊತ್ತಿನಲ್ಲಿ ಒಂದು ತೋಪು ತೋಪಾಗಿಯೇ ದಾಖಲೆಗೆ ಸೇರಿತು. ಬೈಂದೂರಿಗೋ ಕುಂದಾಪುರಕ್ಕೋ ಮಾಸ್ಟರ್ ಪ್ಲಾನ್ ಬರೆಯಲು ಕೂರುವವರು ಪಾರ್ಕಿಗೆ ಜಾಗ ಹುಡುಕುವ ಮೊದಲು ಪಂಚಾಯತಿಯಿಂದ ಆ ದಾಖಲಾತಿ ತರಿಸಿಕೊಂಡು, ಹಾಡಿ, ಮದಗ, ಬನ, ದಂಡೆಗಳನ್ನು ಸರ್ವೆ ನಂಬರಿನ ಸಮೇತ ನಕ್ಷೆಗೆ ಏರಿಸಬಹುದು. ಪ್ರತಿಯೊಂದರ ಎದುರು ಈಗ ಅದನ್ನು ಬಳಸುವವರು ಯಾರು, ಬಳಸಲಾಗದವರು ಯಾರು ಎಂಬ ಎರಡು ಕಾಲಂ ಸೇರಿಸಿದರೆ ಹೆಚ್ಚು ಖರ್ಚೇನೂ ಬೀಳದು.