ಕುಸಿದ ಕಾರ್ ಸೀಟಿನ ಕಥೆ: ಕುದುರೆ ಕೂದಲಿನಿಂದ ಸ್ಪಂಜಿನವರೆಗೆ

ಹಳೆ ಕಾರಿನ ಸೀಟು ಕುಸಿದರೆ ನಮ್ಮ ಕಡೆ ಮೊದಲು ಬರುವುದು ದಿಂಬು. ಅದೂ ಅಪ್ಪಚ್ಚಿಯಾದರೆ ಮಡಿಸಿದ ಕಂಬಳಿ. ದಿನವಿಡೀ ಬಾಡಿಗೆ ಓಡಿಸುವ ಡ್ರೈವರ್‌ಗೆ ಇದು ಸಣ್ಣ ವಿಷಯವಲ್ಲ. ಒಂದು ಕಡೆ ವಾಲಿದ ಸೀಟಿನಲ್ಲಿ ಕೂತು ಕೂತು ಸೊಂಟ ಹಿಡಿದುಕೊಂಡರೆ ಅವತ್ತಿನ ದುಡಿಮೆ ನಿಂತ ಹಾಗೆಯೇ. ಹೊಸ ಸೀಟು ಹಾಕಿಸೋಣ ಎಂದರೆ ರೇಟು ಕೇಳಿಯೇ ವಾಪಸ್ ಬರಬೇಕು.

ಹಾಗಾದರೆ ಮನೆಯಲ್ಲೇ ಸರಿ ಮಾಡಿಕೊಳ್ಳಬಹುದೇ? ನಿಮ್ಮ ಸೀಟು ಯಾವ ಕಾಲದ್ದು ಎನ್ನುವುದರ ಮೇಲೆ ಉತ್ತರ ನಿಂತಿದೆ. ಹಾಗಾಗಿ ನಾವು ಇಲ್ಲಿ ರಿಪೇರಿಯ ಜೊತೆಗೆ ಸೀಟಿನ ಚರಿತ್ರೆಯನ್ನೂ ಹೇಳುತ್ತಿದ್ದೇವೆ.

ಗಾಡಿಯಿಂದ ಇಳಿದು ಬಂದ ಸೀಟು

ಮೊದಮೊದಲ ಕಾರುಗಳಿಗೆ ಸೀಟು ಮಾಡಿದವರು ಯುರೋಪ್, ಅಮೆರಿಕದ ಕುದುರೆ ಗಾಡಿ ಕಟ್ಟುತ್ತಿದ್ದ ಕಸುಬುದಾರರು. ಕೆಳಗೆ ಮರದ ಚೌಕಟ್ಟು, ಅದರ ಮೇಲೆ ಸುರುಳಿ ಸ್ಪ್ರಿಂಗುಗಳು. ಒಂದು ಸ್ಪ್ರಿಂಗಿಗೆ ಇನ್ನೊಂದನ್ನು ಹುರಿಯಿಂದ ಬಿಗಿದು, ಮೇಲೆ ದಪ್ಪ ಬಟ್ಟೆ ಹಾಸಿ, ಅದರ ಮೇಲೆ ಕುದುರೆ ಕೂದಲು ತುಂಬಿ ಚರ್ಮ ಹೊದಿಸುತ್ತಿದ್ದರು. ಕೂದಲನ್ನು ಹಗ್ಗದಂತೆ ಹೊಸೆದು ಬಿಸಿ ಹಬೆ ಕೊಟ್ಟು ಬಿಚ್ಚಿದರೆ ಅದು ಗುಂಗುರಾಗಿಯೇ ಉಳಿಯುತ್ತದೆ. ಒತ್ತಿದರೆ ತಗ್ಗುತ್ತದೆ, ಬಿಟ್ಟರೆ ಮೇಲೇಳುತ್ತದೆ.

1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಪೆಟ್ರೋಲ್ ಟ್ಯಾಂಕ್ ಇದ್ದದ್ದು ಮುಂದಿನ ಸೀಟಿನ ಕೆಳಗೆ. ಪೆಟ್ರೋಲ್ ಹಾಕಬೇಕಾದರೆ ಕೂತವರು ಎದ್ದು ಮೆತ್ತೆ ಎತ್ತಬೇಕಿತ್ತು. ಅಂದರೆ ಸೀಟು ಬಿಚ್ಚುವುದು ಮೆಕ್ಯಾನಿಕ್ ಕೆಲಸವೇ ಆಗಿರಲಿಲ್ಲ. ಕೂದಲು ಗಂಟುಕಟ್ಟಿ ಗಟ್ಟಿಯಾದರೆ ಹೊಲಿಗೆ ಬಿಚ್ಚಿ, ಕೂದಲು ತೆಗೆದು ಬಿಡಿಸಿ, ಮತ್ತೆ ತುಂಬುತ್ತಿದ್ದರು. ನಮ್ಮ ಮನೆಗಳಲ್ಲಿ ಹತ್ತಿ ಹಾಸಿಗೆ ಬಿಚ್ಚಿ ಹಿಂಜಿಸುತ್ತಿದ್ದರಲ್ಲ, ಅದೇ ಕೆಲಸ.

ನಮ್ಮ ತೆಂಗಿನ ನಾರೂ ಸೀಟು ಸೇರಿತು

1929ರಲ್ಲಿ ಇಂಗ್ಲೆಂಡಿನ ಡನ್‌ಲಪ್ ಕಂಪನಿಯವರು ರಬ್ಬರ್ ಮರದ ಹಾಲನ್ನು ಕಡೆದು ನೊರೆ ಬರಿಸಿ, ಅಚ್ಚಿನಲ್ಲಿ ಬೇಯಿಸಿ ಮೆತ್ತನೆಯ ಫೋಮ್ ಮಾಡುವ ವಿಧಾನ ಕಂಡುಕೊಂಡರು. ಅದೇ ರಬ್ಬರ್ ಹಾಲನ್ನು ತೆಂಗಿನ ನಾರಿನ ಮೇಲೆ ಸಿಂಪಡಿಸಿ, ಒತ್ತಿ, ಬೇಯಿಸಿದರೆ ಇನ್ನೊಂದು ಬಗೆಯ ಮೆತ್ತೆ ಆಗುತ್ತದೆ. ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಸೀಟುಗಳಲ್ಲಿ ಸ್ಪ್ರಿಂಗಿನ ಮೇಲೆ ಇಂಥ ನಾರಿನ ಪದರ ಇತ್ತು.

ನಮ್ಮ ದೇಶದಲ್ಲಿ 1953ರ ಕಾಯ್ದೆಯಿಂದ ತೆಂಗಿನ ನಾರು ಮಂಡಳಿ ಬಂತು. 1962ರಲ್ಲಿ ಮಣಿಪಾಲದ ಪೈ ಕುಟುಂಬದವರು ಶುರು ಮಾಡಿದ ಕಂಪನಿ ಕರ್ಲಾನ್ ಹೆಸರಿನಲ್ಲಿ ರಬ್ಬರ್ ಹಾಕಿದ ನಾರಿನ ಹಾಸಿಗೆಯನ್ನು ಮನೆಮನೆಗೆ ತಲುಪಿಸಿತು. ತಿಪಟೂರು, ಅರಸೀಕೆರೆ ಕಡೆಯವರಿಗೆ ನಾರು ಹೊಸದಲ್ಲ. ಆದರೆ ತೆಂಗಿನ ಮಟ್ಟೆಯಿಂದ ಹೊರಟ ನಾರು ಕಾರಿನ ಸೀಟನ್ನೂ ಸೇರಿದೆ ಎನ್ನುವುದು ಎಷ್ಟು ಜನಕ್ಕೆ ಗೊತ್ತು? 1990ರ ದಶಕದಲ್ಲಿ ಬ್ರೆಜಿಲ್‌ನಲ್ಲಿ ಡೈಮ್ಲರ್ ಕಂಪನಿ ತಲೆ ಒರಗುದಿಂಬಿಗೆ ಮತ್ತೆ ತೆಂಗಿನ ನಾರನ್ನೇ ಬಳಸಿತು.

ನಾರಿನಲ್ಲಿ ಗಾಳಿ ಆಡುತ್ತದೆ, ಬೆವರು ನಿಲ್ಲುವುದಿಲ್ಲ. ಆದರೆ ವರ್ಷಗಳು ಕಳೆದಂತೆ ರಬ್ಬರ್ ಒಣಗಿ, ನಾರು ಮುರಿದು ಪುಡಿಯಾಗುತ್ತದೆ. ಹಳೆ ಗಾಡಿಯ ಸೀಟಿನ ಕೆಳಗೆ ಕಂದು ಪುಡಿ ಉದುರಿದ್ದರೆ ಮೆತ್ತೆಯ ಆಯಸ್ಸು ಮುಗಿಯಿತು ಎಂದರ್ಥ.

ಅಂಬಾಸಿಡರ್ ಕಾಲದ ಗೋಣಿ ಮತ್ತು ದಬ್ಬಳ

ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1957ರಿಂದ 2014ರವರೆಗೆ ತಯಾರಾದ ಅಂಬಾಸಿಡರ್ ಕಾರನ್ನು ನೆನಪಿಸಿಕೊಳ್ಳಿ. ಮುಂದಿನ ಸೀಟು ಉದ್ದನೆಯ ಬೆಂಚು. ಅದರಲ್ಲಿ ಮೊದಲು ಕುಸಿಯುತ್ತಿದ್ದದ್ದು ಡ್ರೈವರ್ ಕಡೆಯ ಬಾಗಿಲ ಅಂಚು. ಹತ್ತುವಾಗ ಇಳಿಯುವಾಗ ಮೈಭಾರವೆಲ್ಲ ಆ ಅಂಚಿನ ಸ್ಪ್ರಿಂಗಿನ ಮೇಲೆ ಬೀಳುತ್ತದೆ.

ತಾಲ್ಲೂಕು ಕೇಂದ್ರದ ಕುಶನ್ ಅಂಗಡಿಯವರು ಅದಕ್ಕೆ ಕಂಪನಿ ಸಾಮಾನು ಕಾಯುತ್ತಿರಲಿಲ್ಲ. ಮುರಿದ ಸ್ಪ್ರಿಂಗಿಗೆ ತಂತಿ ಸುತ್ತಿ, ಮೇಲೆ ಗೋಣಿಚೀಲ ಎರಡು ಮಡಿಕೆ ಹಾಕಿ, ದಬ್ಬಳದಲ್ಲಿ ಗೋಣಿ ದಾರ ಪೋಣಿಸಿ ಹೊಲಿದು, ನಾರು ತುಂಬಿ ರೆಕ್ಸಿನ್ ಎಳೆಯುತ್ತಿದ್ದರು. ಇಲ್ಲಿ ಗೋಣಿಯೇ ಮುಖ್ಯ. ಅದು ಇಲ್ಲದಿದ್ದರೆ ತಂತಿ ಮೆತ್ತೆಯನ್ನು ಕೊರೆದು ಮೇಲೆ ಬರುತ್ತದೆ. ಇನ್ನು ರೆಕ್ಸಿನ್ ಎಂಬುದು ಮ್ಯಾಂಚೆಸ್ಟರ್ ಹತ್ತಿರದ ಒಂದು ಕಂಪನಿಯ ಬ್ರ್ಯಾಂಡ್ ಹೆಸರು. ಚರ್ಮದಂತೆ ಕಾಣುವ ಬಟ್ಟೆಗೆಲ್ಲ ನಾವು ಅದೇ ಹೆಸರು ಇಟ್ಟುಕೊಂಡೆವು.

ಸ್ಪಂಜು ಬಂದ ಮೇಲೆ

1937ರಲ್ಲಿ ಜರ್ಮನಿಯ ಆಟೋ ಬೇಯರ್ ಮತ್ತು ಸಂಗಡಿಗರು ಪಾಲಿಯುರೆಥೇನ್ ಕಂಡುಹಿಡಿದರು. ನಾವು ಸ್ಪಂಜು ಎನ್ನುವುದು ಇದರಿಂದಲೇ ಆದದ್ದು. 1950ರ ದಶಕದಲ್ಲಿ ಅದು ಮಾರುಕಟ್ಟೆಗೆ ಬಂದು, ನಿಧಾನವಾಗಿ ಕೂದಲು, ನಾರು ಎರಡನ್ನೂ ಹೊರಗೆ ಹಾಕಿತು. ಅಚ್ಚಿಗೆ ಸುರಿದರೆ ಸೀಟಿನ ಆಕಾರಕ್ಕೇ ಉಬ್ಬಿ ನಿಲ್ಲುತ್ತದೆ, ಹೊಲಿಯುವ ತುಂಬುವ ಕೂಲಿ ಉಳಿಯುತ್ತದೆ. 1983ರಲ್ಲಿ ಮಾರುತಿ 800 ಬಂದಾಗ ಬೆಂಚು ಹೋಗಿ ಮುಂದೆ ಒಬ್ಬೊಬ್ಬರಿಗೆ ಒಂದೊಂದು ಸೀಟು ಆಯಿತು.

ಸ್ಪಂಜಿನೊಳಗೆ ಗಾಳಿ ತುಂಬಿದ ಸಣ್ಣ ಸಣ್ಣ ಗೂಡುಗಳಿರುತ್ತವೆ. ಭಾರ, ಬಿಸಿಲು, ತೇವಕ್ಕೆ ಗೂಡಿನ ಗೋಡೆ ಸೋತರೆ ಅದು ಮತ್ತೆ ಏಳುವುದಿಲ್ಲ. ಕೂದಲಿನಂತೆ ಹಿಂಜಲು ಬರುವುದಿಲ್ಲ, ಬದಲಿಸಬೇಕು.

ಆದರೆ ಸೀಟು ಕುಸಿದಾಗೆಲ್ಲ ತಪ್ಪು ಸ್ಪಂಜಿನದೇ ಆಗಿರಬೇಕಿಲ್ಲ. ಸೀಟಿನ ಕೆಳಗೆ ಟಾರ್ಚ್ ಹಾಕಿ ನೋಡಿ. ಅನೇಕ ಕಾರುಗಳಲ್ಲಿ ಹಾವಿನಂತೆ ಬಳುಕಿದ ತಂತಿಗಳು ಅಥವಾ ತಂತಿಯ ಜಾಲರಿ ಇರುತ್ತದೆ. ಒಂದು ಕೊಕ್ಕೆ ಕಳಚಿದ್ದರೂ ಆ ಕಡೆ ಗುಂಡಿ ಬೀಳುತ್ತದೆ. ಗಾಡಿಯಲ್ಲಿ ಏರ್‌ಬ್ಯಾಗ್ ಇಲ್ಲದಿದ್ದರೆ, ಸೀಟಿನ ಕೆಳಗೆ ವೈರ್ ಇಲ್ಲದಿದ್ದರೆ, ಕಟಿಂಗ್ ಪ್ಲೇಯರ್‌ನಿಂದ ಕೊಕ್ಕೆಯನ್ನು ಜಾಗಕ್ಕೆ ಎಳೆದು ಸಿಕ್ಕಿಸಿ, ಜಿಐ ತಂತಿ ನಾಲ್ಕು ಸುತ್ತು ಬಿಗಿಯಿರಿ. ತಂತಿಯ ತುದಿಯನ್ನು ಕೆಳಕ್ಕೆ ಮಡಚಿ. ಪ್ಲಾಸ್ಟಿಕ್ ಟ್ಯಾಗ್ ನಂಬಬೇಡಿ, ಮನುಷ್ಯನ ಭಾರಕ್ಕೆ ಕಿತ್ತುಬರುತ್ತದೆ. ಸ್ಪಂಜು ಮತ್ತು ತಂತಿಯ ನಡುವೆ ಗೋಣಿಯೋ ದಪ್ಪ ಕ್ಯಾನ್ವಾಸೋ ಹಾಕಿ. ಅಂಬಾಸಿಡರ್ ಕಾಲದ ಆ ಪಾಠ ಈಗಲೂ ಹಳತಾಗಿಲ್ಲ.

ಎಲ್ಲಿ ಕೈ ಹಾಕಬಾರದು

1959ರಲ್ಲಿ ವೋಲ್ವೋ ಕಂಪನಿಯ ನಿಲ್ಸ್ ಬೋಲಿನ್ ಮೂರು ಕಡೆ ಬಿಗಿಯುವ ಸೀಟ್ ಬೆಲ್ಟ್ ಕೊಟ್ಟರು. 1990ರ ದಶಕದಲ್ಲಿ ಅದೇ ಕಂಪನಿ ಪಕ್ಕದ ಏರ್‌ಬ್ಯಾಗನ್ನು ಸೀಟಿನೊಳಗೇ ಇಟ್ಟಿತು. ಅಲ್ಲಿಂದ ಸೀಟು ಬರೀ ಕೂರುವ ಜಾಗವಾಗಿ ಉಳಿಯಲಿಲ್ಲ, ಜೀವ ಹಿಡಿದಿಡುವ ಸಾಧನವೂ ಆಯಿತು. ನಮ್ಮ ದೇಶದಲ್ಲಿ 2019ರ ಜುಲೈನಿಂದ ಹೊಸ ಕಾರುಗಳಿಗೆ ಡ್ರೈವರ್ ಏರ್‌ಬ್ಯಾಗ್, ಬೆಲ್ಟ್ ಹಾಕದಿದ್ದರೆ ಕೂಗುವ ಅಲಾರಂ ಕಡ್ಡಾಯವಾದವು. ಹಾಗಾಗಿ ಸೀಟಿನ ಕೆಳಗೆ ಈಗ ವೈರುಗಳಿವೆ. ಅದರಲ್ಲೂ ಹಳದಿ ಬಣ್ಣದ ವೈರು, ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು. ಬಿಚ್ಚಬೇಡಿ, ಅದರ ತರಬೇತಿ ಇದ್ದವರ ಹತ್ತಿರ ಹೋಗಿ. ಪಕ್ಕದ ಏರ್‌ಬ್ಯಾಗ್ ಇರುವ ಸೀಟಿಗೆ ಸಿಕ್ಕಿದ ಕವರ್ ಹೊಲಿಸಿದರೆ ಅಪಘಾತದ ಹೊತ್ತಿಗೆ ಬ್ಯಾಗ್ ಬಿಚ್ಚಿಕೊಳ್ಳದೆ ಹೋಗಬಹುದು.

ಹಳೆ ಕಾರಾದರೂ ಸರಿ, ಹೊಸದಾದರೂ ಸರಿ, ಚೌಕಟ್ಟು ಬಿರುಕು ಬಿಟ್ಟಿದ್ದರೆ, ಒರಗುವ ಲಾಕ್ ಜಾರುತ್ತಿದ್ದರೆ, ಸೀಟು ಹಿಡಿದ ಬೋಲ್ಟ್ ಅಲ್ಲಾಡುತ್ತಿದ್ದರೆ ತಂತಿ ಸುತ್ತಿ ಸುಮ್ಮನಾಗಬೇಡಿ. ಎಷ್ಟೋ ಕಾರುಗಳಲ್ಲಿ ಬೆಲ್ಟಿನ ಬಕಲ್ ಸೀಟಿಗೇ ಜೋಡಿಸಿರುತ್ತದೆ. ಗಾಡಿ ಗುದ್ದಿದಾಗ ಸೀಟು ಕಿತ್ತುಬಂದರೆ ಬೆಲ್ಟ್ ಕಟ್ಟಿಯೂ ಪ್ರಯೋಜನವಿಲ್ಲ.

ಸ್ಪಂಜು ಬದಲಿಸಲು ಕುಶನ್ ಅಂಗಡಿಗೆ ಹೋದರೆ ಎರಡು ಮಾತು ಕೇಳಿ: ಸ್ಪಂಜಿನ ಡೆನ್ಸಿಟಿ ಎಷ್ಟು, ಕೆಳಗೆ ಏನು ಹಾಕುತ್ತೀರಿ? ಕೈಗೆ ಮೆತ್ತಗೆ ಸಿಕ್ಕಿದ ಹಗುರ ಸ್ಪಂಜು ಬೇಗ ಕೂತುಬಿಡುತ್ತದೆ. ಸ್ಪ್ರಿಂಗ್ ಕಟ್ಟಿ, ನಾರು ತುಂಬಿ, ದಬ್ಬಳದಲ್ಲಿ ಹೊಲಿದ ಹಿರಿಯರು ನಿಮ್ಮೂರಲ್ಲಿ ಇದ್ದರೆ ಅವರ ಕೆಲಸವನ್ನು ಮೊಬೈಲ್‌ನಲ್ಲಿ ಒಂದಿಷ್ಟು ವಿಡಿಯೋ ಮಾಡಿ ಇಟ್ಟುಕೊಳ್ಳಿ, ನಮಗೂ ತಿಳಿಸಿ. ಈ ಕಸುಬಿನ ಬಗ್ಗೆ ಅವರಿಂದ ಕೇಳಿ ಬರೆಯುವುದು ಇನ್ನೂ ಬಹಳ ಇದೆ.